ಮುದ್ದೆ ಬಿಟ್ಟರೆ ರಕ್ತನಾಳದ ಸುಣ್ಣ ಕರಗೀತೇ?

2025ರ ಮೇ, ಜೂನ್ ತಿಂಗಳಲ್ಲಿ ಹಾಸನದ ಹೆಸರು ದಿನಬೆಳಗಾದರೆ ಸುದ್ದಿಯಲ್ಲಿತ್ತು. ಸುಮಾರು ನಲವತ್ತು ದಿನಗಳಲ್ಲಿ ಜಿಲ್ಲೆಯ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತಕ್ಕೆ ಬಲಿಯಾದರು, ಅವರಲ್ಲಿ ಹರೆಯದವರೂ ಇದ್ದಾರೆ ಎಂಬುದು ಆ ಸುದ್ದಿ. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಬಂದವರ ಸಾಲು ಬೆಳೆಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ಕೋವಿಡ್ ಲಸಿಕೆಯ ಕಡೆ ಬೊಟ್ಟು ಮಾಡಿದರು. ಐಸಿಎಂಆರ್ ಮತ್ತು ದೆಹಲಿಯ ಏಮ್ಸ್ ನಡೆಸಿದ ಅಧ್ಯಯನಗಳನ್ನು ಮುಂದಿಟ್ಟು ಕೇಂದ್ರ ಆರೋಗ್ಯ ಇಲಾಖೆ ಅದನ್ನು ತಳ್ಳಿಹಾಕಿತು. ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿ ಜುಲೈನಲ್ಲಿ ವರದಿ ಕೊಟ್ಟಿತು. ಪರಿಶೀಲಿಸಿದ 24 ಸಾವುಗಳಲ್ಲಿ ನಾಲ್ಕಕ್ಕೆ ಹೃದಯದ ಸಂಬಂಧವೇ ಇರಲಿಲ್ಲ, ಹೃದಯ ಕಾಯಿಲೆಯ ಸಾವು ಹಾಸನದಲ್ಲಿ ಅಸಹಜವಾಗಿ ಏರಿಲ್ಲ, ಕಂಡುಬಂದ ಕಾರಣಗಳೂ ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನ, ಮದ್ಯ, ಮನೆತನದ ಹಿನ್ನೆಲೆ ಮುಂತಾದ ಹಳೆಯವೇ ಎಂಬುದು ಅದರ ಸಾರ.

ಗದ್ದಲ ತಣ್ಣಗಾಯಿತು. ಒಂದು ಪದ ಮಾತ್ರ ಜನರ ಬಾಯಲ್ಲಿ ಉಳಿದುಕೊಂಡಿತು, ಕ್ಯಾಲ್ಸಿಯಂ. ಭಯದಿಂದ ಸಿಟಿ ಸ್ಕ್ಯಾನ್ ಮಾಡಿಸಿಕೊಂಡವರ ಕೈಗೆ 'ಕ್ಯಾಲ್ಸಿಯಂ ಸ್ಕೋರ್' ಎಂಬ ಅಂಕಿ ಬಂತು. ಆಂಜಿಯೋಗ್ರಾಂ ಆದವರಿಗೆ 'ನರದಲ್ಲಿ ಕ್ಯಾಲ್ಸಿಯಂ ಕಟ್ಟಿದೆ' ಎಂಬ ಮಾತು ಕೇಳಿಸಿತು. (ನಮ್ಮ ಆಡುಮಾತಿನಲ್ಲಿ ರಕ್ತನಾಳವೂ ನರವೇ.) ಅಲ್ಲಿಂದ ಮುಂದಿನ ಹೆಜ್ಜೆ ಯಾರಿಗಾದರೂ ಸಲೀಸು. ಕ್ಯಾಲ್ಸಿಯಂ ಯಾತರಲ್ಲಿದೆ? ರಾಗಿಯಲ್ಲಿದೆ, ಹಾಲಿನಲ್ಲಿದೆ, ಬೋರ್ ನೀರಿನಲ್ಲಿದೆ, ಎಲೆಗೆ ಸವರುವ ಸುಣ್ಣದಲ್ಲಿದೆ, ಮಂಡಿ ನೋವಿಗೆ ಬರೆದುಕೊಟ್ಟ ಮಾತ್ರೆಯಲ್ಲಿದೆ. ಹಾಗಾದರೆ ಹಾಸನ, ಚಿಕ್ಕಮಗಳೂರಿನವರು ಹುಟ್ಟಿದಾರಭ್ಯ ತಿಂದುಕೊಂಡು ಬಂದದ್ದೇ ಎದೆಗೆ ಏರಿತೇ?

ಇಲ್ಲ. ಆದರೆ ಇಷ್ಟು ಹೇಳಿ ಕೈತೊಳೆದುಕೊಂಡರೆ ಅನುಮಾನ ಹಾಗೇ ಉಳಿಯುತ್ತದೆ. ನಾಳದ ಗೋಡೆಗೆ ಕ್ಯಾಲ್ಸಿಯಂ ಎಲ್ಲಿಂದ ಬಂತು ಎಂದು ಎಲ್ಲರೂ ಕೇಳುತ್ತಾರೆ, ಗೋಡೆ ಅದನ್ನು ಯಾಕೆ ಹಿಡಿದುಕೊಂಡಿತು ಎಂದು ಕೇಳುವವರು ಕಡಿಮೆ. ಉತ್ತರ ಇರುವುದು ಎರಡನೆಯ ಪ್ರಶ್ನೆಯಲ್ಲಿ.

ಹಂಡೆಯ ಕರೆಯೇ ಬೇರೆ

ಅರಸೀಕೆರೆ, ಕಡೂರಿನ ಕಡೆಯ ಗಡಸು ನೀರು ಕಾಯಿಸಿದ ಹಂಡೆಯೊಳಗೆ ಕೆಲವೇ ತಿಂಗಳಲ್ಲಿ ಬಿಳಿ ಕರೆ ಕಟ್ಟುತ್ತದೆ. ಗೀಸರಿನ ಕಾಯಿಲ್ ಬಿಚ್ಚಿದರೆ ಸುಣ್ಣದ ಚಿಪ್ಪು ಸುಲಿದು ಬರುತ್ತದೆ. ಇದನ್ನು ಕಣ್ಣಾರೆ ಕಂಡವರಿಗೆ ಹೃದಯದ ನಾಳದಲ್ಲೂ ಅದೇ ಚಿತ್ರ ಮೂಡುವುದು ಸಹಜ. ವೈದ್ಯರೂ ಬೇಗ ಅರ್ಥವಾಗಲಿ ಎಂದು ಪೈಪಿನ ಹೋಲಿಕೆ ಕೊಡುತ್ತಾರೆ. ದಾರಿ ತಪ್ಪುವುದು ಅಲ್ಲಿಂದಲೇ.

ಹಂಡೆಯಲ್ಲಿ ನಡೆಯುವುದು ಸರಳ ರಸಾಯನ. ನೀರಿನಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಬಿಸಿಗೆ ಒಡೆದು, ಇಂಗಾಲದ ಡೈಆಕ್ಸೈಡ್ ಹಾರಿಹೋಗಿ, ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಲೋಹಕ್ಕೆ ಅಂಟುತ್ತದೆ. ರಕ್ತವನ್ನು ಯಾರೂ ಕುದಿಸುವುದಿಲ್ಲ. ನಾಳದಲ್ಲಿ ಸಿಗುವ ಹರಳು ಕೂಡ ಕಾರ್ಬೊನೇಟ್ ಅಲ್ಲ, ಮುಖ್ಯವಾಗಿ ಹೈಡ್ರಾಕ್ಸಿಅಪಟೈಟ್, ಅಂದರೆ ಎಲುಬು ಹಲ್ಲುಗಳಲ್ಲಿರುವ ಅದೇ ಕ್ಯಾಲ್ಸಿಯಂ ಫಾಸ್ಫೇಟ್. ಅದು ಇರುವ ಜಾಗವೂ ಬೇರೆ. ಕರೆ ಪೈಪಿನ ಒಳಮೈಗೆ ಮೆತ್ತಿಕೊಂಡಿರುತ್ತದೆ, ನಾಳದ ಕ್ಯಾಲ್ಸಿಯಂ ಗೋಡೆಯ ದಪ್ಪದೊಳಗೇ ಹೂತುಕೊಂಡಿರುತ್ತದೆ. ಹರಿಯುವ ರಕ್ತಕ್ಕೂ ಅದಕ್ಕೂ ನಡುವೆ ಜೀವಂತ ಪದರವಿದೆ. ಹೀಗಾಗಿ 'ತೊಳೆದುಬಿಡುವ' ಕಷಾಯ, ರಸಗಳ ಲೆಕ್ಕಾಚಾರ ಬುಡದಲ್ಲೇ ತಪ್ಪು. ತೊಳೆಯಲು ಅದು ಮೇಲ್ಮೈಯಲ್ಲೇ ಇಲ್ಲ.

ಗೋಡೆಯೊಳಗಿನ ಅಯಾನುಗಳು

ನಾಳದ ಗೋಡೆಗೆ ಮೂರು ಪದರ. ರಕ್ತಕ್ಕೆ ತಾಗುವ ಒಳಹಾಸು ಒಂದೇ ಜೀವಕೋಶದಷ್ಟು ತೆಳು. ನಡುವಿನ ಪದರದಲ್ಲಿ ಅನೈಚ್ಛಿಕ ಸ್ನಾಯುವಿನ ಜೀವಕೋಶಗಳು, ಅವುಗಳ ನಡುವೆ ರಬ್ಬರಿನಂತೆ ಹಿಗ್ಗಿ ಕುಗ್ಗುವ ಎಲಾಸ್ಟಿನ್ ಹಾಳೆಗಳು. ಹೊರಗಡೆ ಗಟ್ಟಿ ನಾರಿನ ಕೊಲಾಜೆನ್. ಜೀವಕೋಶಗಳ ನಡುವಿನ ಜಾಗವನ್ನು ಖಾಲಿ ಎಂದುಕೊಳ್ಳಬಾರದು. ಅಲ್ಲಿ ನೀರು ಹೀರಿಕೊಂಡ ಲೋಳೆಯಂಥ ಜಾಲವಿದೆ. ಕಾಂಡ್ರಾಯಿಟಿನ್ ಸಲ್ಫೇಟ್, ಡರ್ಮಟನ್ ಸಲ್ಫೇಟ್, ಹೆಪಾರನ್ ಸಲ್ಫೇಟ್ ಎಂಬ ಉದ್ದುದ್ದ ಸಕ್ಕರೆ ಸರಪಳಿಗಳಿಂದ ಅದು ನೆಯ್ದಿದೆ. ಕಾಂಡ್ರಾಯಿಟಿನ್ ಹೆಸರನ್ನು ಮಂಡಿ ನೋವಿನ ಮಾತ್ರೆಯ ಡಬ್ಬಿಯ ಮೇಲೆ ಹಲವರು ಓದಿಯೇ ಇರುತ್ತಾರೆ.

ಈ ಸರಪಳಿಗಳ ಉದ್ದಕ್ಕೂ ಸಲ್ಫೇಟ್, ಕಾರ್ಬಾಕ್ಸಿಲ್ ಗುಂಪುಗಳಿವೆ. ಎರಡಕ್ಕೂ ಋಣ ವಿದ್ಯುದಂಶ. ಸರಪಳಿಗಳು ಜಾಲಕ್ಕೆ ಕಟ್ಟಿಕೊಂಡಿರುವುದರಿಂದ ಆ ಋಣಾಂಶ ಎಲ್ಲಿಗೂ ಹೋಗಲಾರದು. ಅದನ್ನು ಸರಿದೂಗಿಸಲು ರಕ್ತದ್ರವದಿಂದ ಧನ ಅಯಾನುಗಳು, ಅಂದರೆ ಧನ ವಿದ್ಯುದಂಶ ಹೊತ್ತ ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ ಕಣಗಳು, ಒಳಗೆ ಬಂದು ಸೇರುತ್ತವೆ. ಋಣಾಂಶದ ಕ್ಲೋರೈಡ್ ಅಷ್ಟರಮಟ್ಟಿಗೆ ಹೊರಗೆ ತಳ್ಳಿಸಿಕೊಳ್ಳುತ್ತದೆ. ಹೀಗಾಗಿ ಗೋಡೆಯೊಳಗಿನ ದ್ರವದಲ್ಲಿ ಅಯಾನುಗಳ ಹಂಚಿಕೆ ರಕ್ತದಲ್ಲಿದ್ದಂತೆ ಇರುವುದಿಲ್ಲ. ಈ ಸಮತೋಲನದ ಲೆಕ್ಕವನ್ನು 1911ರಲ್ಲಿ ಬರೆದವರು ಫ್ರೆಡರಿಕ್ ಡಾನನ್. ಡಾನನ್ ಸಮತೋಲನ ಎಂದೇ ಅದಕ್ಕೆ ಹೆಸರು.

ಲೆಕ್ಕದಲ್ಲಿ ಒಂದು ಸ್ವಾರಸ್ಯವಿದೆ. ಸೋಡಿಯಂಗೆ ಒಂದು ಧನಾಂಶ, ಕ್ಯಾಲ್ಸಿಯಂಗೆ ಎರಡು. ಜಾಲದೊಳಗೆ ಸೋಡಿಯಂ ಹೊರಗಿಗಿಂತ ಎರಡು ಪಟ್ಟು ಸಾಂದ್ರವಾಗಿದೆ ಎಂದಿಟ್ಟುಕೊಳ್ಳಿ. ಆಗ ಕ್ಯಾಲ್ಸಿಯಂ ಎರಡರ ವರ್ಗ, ಅಂದರೆ ನಾಲ್ಕು ಪಟ್ಟು ಸಾಂದ್ರವಾಗುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಒಂದಿಷ್ಟೂ ಹೆಚ್ಚಾಗದೆಯೂ ಗೋಡೆಯೊಳಗೆ ಅದು ಗುಂಪುಗೂಡಬಲ್ಲದು. ಗೋಡೆಯ ಜಾಲದಲ್ಲಿ ಋಣಾಂಶ ಎಷ್ಟಿದೆ ಎನ್ನುವುದೇ ಇಲ್ಲಿ ನಿರ್ಣಾಯಕ.

ಇದು ಕೇವಲ ಸೆಳೆತದ ಮಾತಾಯಿತು. ಇದರ ಮೇಲೆ ನೇರ ಬಂಧವೂ ಇದೆ. ಅಕ್ಕಪಕ್ಕದ ಎರಡು ಋಣ ಗುಂಪುಗಳ ನಡುವೆ ಕ್ಯಾಲ್ಸಿಯಂ ಕೊಂಡಿ ಹಾಕಿಕೊಂಡಂತೆ ಕೂರುತ್ತದೆ. ಮೆಗ್ನೀಸಿಯಂ ಕೂಡ ಅದೇ ಜಾಗಕ್ಕೆ ಪೈಪೋಟಿ ನಡೆಸುತ್ತದೆ. ಎಲಾಸ್ಟಿನ್‌ನ ಬಗೆ ಇನ್ನೂ ಬೇರೆ. ಅದರಲ್ಲಿ ಹೇಳಿಕೊಳ್ಳುವಷ್ಟು ಋಣಾಂಶವಿಲ್ಲ, ಆದರೆ ಪ್ರೋಟೀನ್ ಸರಪಳಿಯ ಆಮ್ಲಜನಕಗಳು ಅಲ್ಲಲ್ಲಿ ಗೂಡಿನಂತೆ ಸುತ್ತುವರಿದು ಕ್ಯಾಲ್ಸಿಯಂ ಹಿಡಿಯಬಲ್ಲವು. ಎಲಾಸ್ಟಿನ್ ನಮ್ಮ ಮೈಯಲ್ಲಿ ತಯಾರಾಗುವುದು ಬಹುಮಟ್ಟಿಗೆ ಗರ್ಭದಲ್ಲೂ ಬಾಲ್ಯದಲ್ಲೂ. ಆಮೇಲೆ ಇರುವುದನ್ನೇ ಆಯುಷ್ಯವಿಡೀ ಬಳಸಬೇಕು. ಎದೆ ಬಡಿದಷ್ಟು ಸಲ ಹಿಗ್ಗಿ ಕುಗ್ಗಿದ ಈ ಹಾಳೆಗಳು ಸವೆದು, ಎಳೆ ಎಳೆಯಾಗಿ, ಒಳಗಿನ ಗೂಡುಗಳನ್ನು ತೆರೆದುಕೊಳ್ಳುತ್ತವೆ. ವಯಸ್ಸಾದಂತೆ ಮಹಾಪಧಮನಿಯ ನಡುಪದರದಲ್ಲಿ ಕ್ಯಾಲ್ಸಿಯಂ ಏರುತ್ತಾ ಹೋಗುವುದಕ್ಕೆ ಇದೊಂದು ಮುಖ್ಯ ಕಾರಣ. ಆ ಪದರ ಕಲ್ಲಾಗುವುದನ್ನು ಜರ್ಮನಿಯ ಮಾಂಕೆಬರ್ಗ್ 1903ರಲ್ಲೇ ವರ್ಣಿಸಿದ್ದರು.

ಸೋಡಿಯಂ ಕಥೆಯೂ ಇದಕ್ಕೆ ತಾಗಿಕೊಂಡಿದೆ. ರಕ್ತದೊತ್ತಡ ಇದ್ದವರ ನಾಳದ ಗೋಡೆಯಲ್ಲಿ ಸೋಡಿಯಂ, ನೀರು ಎರಡೂ ಹೆಚ್ಚಿರುತ್ತವೆ ಎಂದು 1952ರಲ್ಲಿ ಅಮೆರಿಕದ ಲೂಯಿ ಟೋಬಿಯನ್ ತೋರಿಸಿದರು. ಉಬ್ಬಿದ ಗೋಡೆ ನಾಳದ ದಾರಿಯನ್ನು ಕಿರಿದಾಗಿಸುತ್ತದೆ ಎಂಬುದು ಅವರ ವಾದವಾಗಿತ್ತು. ಉಪ್ಪಿನಕಾಯಿ, ಹಪ್ಪಳದ ಬಗ್ಗೆ ವೈದ್ಯರು ಗೊಣಗುವುದಕ್ಕೆ ಇಂಥ ಹಳೆಯ ಬೇರುಗಳಿವೆ.

ಇನ್ನು ಜೀವಕೋಶದ ಒಳಗಡೆ. ಹೊರಗಿನ ದ್ರವದಲ್ಲಿ ಸ್ವತಂತ್ರ ಕ್ಯಾಲ್ಸಿಯಂ ಲೀಟರಿಗೆ ಸುಮಾರು 1.2 ಮಿಲಿಮೋಲ್ ಇದ್ದರೆ ಸ್ನಾಯುಕೋಶದ ಒಳಗೆ ಅದರ ಹತ್ತು ಸಾವಿರದಲ್ಲಿ ಒಂದು ಪಾಲು. ಈ ಅಂತರವನ್ನು ಕಾಯಲು ಕೋಶ ಹಗಲಿರುಳೂ ಶಕ್ತಿ ಸುರಿದು ಕ್ಯಾಲ್ಸಿಯಂ ಹೊರಗೆ ಹಾಕುತ್ತಿರುತ್ತದೆ. ಒಂದಿಷ್ಟು ಒಳಗೆ ಬಿಟ್ಟುಕೊಂಡರೆ ಸ್ನಾಯು ಬಿಗಿಯುತ್ತದೆ, ನಾಳ ಕಿರಿದಾಗುತ್ತದೆ. ಬಿಪಿಗೆ ಕೊಡುವ ಆಮ್ಲೋಡಿಪಿನ್ ಮಾತ್ರೆ ತಡೆಯುವುದು ಈ ಬಾಗಿಲನ್ನು. 'ಕ್ಯಾಲ್ಸಿಯಂ ಬ್ಲಾಕರ್' ಎಂಬ ಹೆಸರು ಕೇಳಿ ಅದು ನಾಳದಲ್ಲಿ ಕಟ್ಟಿದ ಕ್ಯಾಲ್ಸಿಯಂ ಬಿಡಿಸುತ್ತದೆಂದೋ, ಅದನ್ನು ನುಂಗುವವರು ಹಾಲು ಕುಡಿಯಬಾರದೆಂದೋ ತಿಳಿಯುವವರಿದ್ದಾರೆ. ಎರಡೂ ಸರಿಯಲ್ಲ.

ಹಿಡಿದಿಟ್ಟದ್ದು ಹರಳಾಗುವುದು ಯಾವಾಗ

ಇಲ್ಲಿಯವರೆಗೆ ಹೇಳಿದ್ದು ಆರೋಗ್ಯವಂತರ ನಾಳಕ್ಕೂ ಅನ್ವಯಿಸುತ್ತದೆ. ಜಾಲಕ್ಕೆ ಅಂಟಿದ ಅಯಾನು ಇಂದು ಬಂದು ನಾಳೆ ಹೋಗುವ ಬಾಡಿಗೆದಾರ. ರಕ್ತದೊಂದಿಗೆ ಅದರ ವಿನಿಮಯ ನಡೆದೇ ಇರುತ್ತದೆ. ಸ್ಕ್ಯಾನಿನಲ್ಲಿ ಬೆಳ್ಳಗೆ ಹೊಳೆಯುವುದು ಅದಲ್ಲ, ಮನೆಯನ್ನೇ ತನ್ನದಾಗಿಸಿಕೊಂಡ ಹರಳು.

ನಮ್ಮ ರಕ್ತದ್ರವದಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ಎರಡೂ ಸದಾ ಎಷ್ಟಿರುತ್ತವೆಂದರೆ ಎಲುಬಿನ ಹರಳಿನ ಲೆಕ್ಕದಲ್ಲಿ ಅದು ತುಂಬಿ ತುಳುಕುವ ದ್ರಾವಣ. ಆದರೂ ಮೈಯೆಲ್ಲ ಎಲುಬಾಗುವುದಿಲ್ಲ. ಯಾಕೆಂದರೆ ಕಾವಲುಗಾರರಿದ್ದಾರೆ. ಯಕೃತ್ತಿನಿಂದ ಬರುವ ಫೆಟುಯಿನ್-ಎ, ಪೈರೋಫಾಸ್ಫೇಟ್ ಎಂಬ ಪುಟ್ಟ ಅಣು, ನಾಳದ ಸ್ನಾಯುವೇ ತಯಾರಿಸುವ ಮ್ಯಾಟ್ರಿಕ್ಸ್ ಗ್ಲಾ ಪ್ರೋಟೀನ್ ಇವರಲ್ಲಿ ಮುಖ್ಯರು. ಕೊನೆಯದರ ಮಹತ್ವ 1997ರಲ್ಲಿ ಎದ್ದು ಕಂಡಿತು. ಆ ಪ್ರೋಟೀನಿನ ಜೀನ್ ತೆಗೆದುಹಾಕಿದ ಇಲಿಗಳು ಎಂದಿನ ಆಹಾರವನ್ನೇ ತಿನ್ನುತ್ತಿದ್ದರೂ ಎರಡು ತಿಂಗಳೊಳಗೆ ಅವುಗಳ ಮಹಾಪಧಮನಿ ಕಲ್ಲಾಗಿ ಬಿರಿಯಿತು. ಊಟದಲ್ಲಿ ಏನೂ ಬದಲಾಗಿರಲಿಲ್ಲ, ಕಾವಲು ಮಾತ್ರ ಹೋಗಿತ್ತು.

ಮನುಷ್ಯರಲ್ಲಿ ಕಾವಲು ಹೀಗೆ ಒಮ್ಮೆಲೇ ಹೋಗುವುದಿಲ್ಲ, ಸಡಿಲಾಗುತ್ತದೆ. ಕೊಲೆಸ್ಟ್ರಾಲ್ ಒಳಪದರದಲ್ಲಿ ಸೇರಿ ಉರಿಯೂತ ಹುಟ್ಟಿದಾಗ ಅಲ್ಲಿನ ಕೋಶಗಳು ಸಾಯುತ್ತವೆ. ಸತ್ತ ಕೋಶಕ್ಕೆ ಕ್ಯಾಲ್ಸಿಯಂ ಹೊರಹಾಕುವ ಶಕ್ತಿ ಇಲ್ಲವಾದ್ದರಿಂದ ಹತ್ತು ಸಾವಿರ ಪಟ್ಟಿನ ಆ ಅಂತರ ಕುಸಿದು ಕ್ಯಾಲ್ಸಿಯಂ ಒಳನುಗ್ಗುತ್ತದೆ. ಕೋಶದ ಪೊರೆ, ಡಿಎನ್‌ಎ ಒಡೆದು ಫಾಸ್ಫೇಟ್ ಸಿಗುತ್ತದೆ. ಎರಡೂ ಒಂದೇ ಕಡೆ ಸೇರಿದರೆ ಹರಳಿನ ಬೀಜ ಬಿತ್ತಿದಂತೆ. ಬದುಕುಳಿದ ಸ್ನಾಯುಕೋಶಗಳೂ ಸುಮ್ಮನಿರುವುದಿಲ್ಲ. ಏಟಿನ ಮೇಲೆ ಏಟು ಬಿದ್ದರೆ ಕೆಲವು ತಮ್ಮ ಕಸುಬು ಬಿಟ್ಟು ಎಲುಬಿನ ಕೋಶಗಳಂತೆ ವರ್ತಿಸತೊಡಗುತ್ತವೆ, ಹರಳು ಕಟ್ಟುವ ಪುಟ್ಟ ಚೀಲಗಳನ್ನು ಹೊರಬಿಡುತ್ತವೆ. ಸಕ್ಕರೆ ಕಾಯಿಲೆಯಲ್ಲಿ ಗ್ಲುಕೋಸ್ ನಾರುಗಳಿಗೆ ಅಂಟಿ ಗೋಡೆ ಗಡುಸಾಗುತ್ತದೆ. ಕಿಡ್ನಿ ಸೋತವರಲ್ಲಿ ಫಾಸ್ಫೇಟ್ ಏರಿ ಇಡೀ ಕ್ರಿಯೆಗೆ ವೇಗ ಸಿಗುತ್ತದೆ. ಡಯಾಲಿಸಿಸ್ ಮೇಲಿರುವ ಯುವಕರ ನಾಳಗಳಲ್ಲೂ ಮುದುಕರಷ್ಟು ಕ್ಯಾಲ್ಸಿಯಂ ಕಾಣುವುದು ಇದರಿಂದಲೇ. ಬೀಡಿ ಸಿಗರೇಟಿನ ಹೊಗೆ ಎಲಾಸ್ಟಿನ್ ಕತ್ತರಿಸುವ ಕಿಣ್ವಗಳಿಗೆ ಕುಮ್ಮಕ್ಕು ಕೊಡುತ್ತದೆ.

ಇಷ್ಟರಲ್ಲಿ ಎಲ್ಲೂ ಮುದ್ದೆಯ ಹೆಸರು ಬರಲಿಲ್ಲ.

ಒಂದು ಮುದ್ದೆಯ ಲೆಕ್ಕ

ಆದರೂ ಊಟದ ಲೆಕ್ಕ ಹಾಕಿಯೇ ನೋಡೋಣ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಒಂದು ದೊಡ್ಡ ಮುದ್ದೆಗೆ ಹೆಚ್ಚುಕಡಿಮೆ ಅಷ್ಟು ಹಿಟ್ಟು ಬೇಕು. ಈಗ ರಕ್ತ ನೋಡಿ. ಡೆಸಿಲೀಟರಿಗೆ 9.5 ಮಿಲಿಗ್ರಾಂನಂತೆ ಮೂರು ಲೀಟರ್ ರಕ್ತದ್ರವದಲ್ಲಿ ಇರುವ ಒಟ್ಟು ಕ್ಯಾಲ್ಸಿಯಂ ಮುನ್ನೂರು ಮಿಲಿಗ್ರಾಂ ಕೂಡ ಇಲ್ಲ. ಒಂದು ಮುದ್ದೆಯಲ್ಲಿ ಇರುವುದು ಇಡೀ ರಕ್ತದ್ರವದಲ್ಲಿ ಇರುವುದಕ್ಕಿಂತ ಹೆಚ್ಚು! ತಿಂದದ್ದೆಲ್ಲ ನೇರ ರಕ್ತಕ್ಕಿಳಿದು ಅಲ್ಲೇ ಉಳಿಯುವುದಾಗಿದ್ದರೆ ಬಯಲುಸೀಮೆಯಲ್ಲಿ ಯಾರೂ ಮಧ್ಯಾಹ್ನದ ಊಟ ದಾಟಿ ಬದುಕುತ್ತಿರಲಿಲ್ಲ.

ಹಾಗಾಗದಿರುವುದಕ್ಕೆ ಕಾರಣ, ಕರುಳು ಒಂದು ಪಾಲನ್ನಷ್ಟೇ ಹೀರುತ್ತದೆ. ಅದೂ ಗಂಟೆಗಟ್ಟಲೆ ಸಮಯ ತೆಗೆದುಕೊಂಡು. ರಕ್ತದಲ್ಲಿ ಕೂದಲೆಳೆಯಷ್ಟು ಏರಿಳಿದರೂ ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ನಿಮಿಷಗಳಲ್ಲಿ ಸರಿಪಡಿಸುತ್ತವೆ. ಹೆಚ್ಚಾದದ್ದು ಮೂತ್ರಕ್ಕೆ, ಕಡಿಮೆ ಬಿದ್ದದ್ದು ಎಲುಬಿನಿಂದ. ಮೈಯ ಕ್ಯಾಲ್ಸಿಯಂನಲ್ಲಿ ಶೇಕಡಾ 99 ಎಲುಬು ಹಲ್ಲುಗಳಲ್ಲೇ ಇದೆ. ಒಟ್ಟು ತೂಕ ಸುಮಾರು ಒಂದು ಕಿಲೋ. ಹೀಗಾಗಿ ರಾಗಿ, ಹಾಲು ಬಿಟ್ಟವರ ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯುವುದಿಲ್ಲ. ಕೊರತೆ ತುಂಬಲು ಎಲುಬು ಕರಗುತ್ತದೆ. ಎಲುಬು ಸವೆದ ಹೆಂಗಸರಲ್ಲಿ ನಾಳದ ಕ್ಯಾಲ್ಸಿಯಂ ಹೆಚ್ಚೇ ಕಾಣುತ್ತದೆ ಎಂಬ ವಿಚಿತ್ರವನ್ನು ಹಲವು ಅಧ್ಯಯನಗಳು ಗುರುತಿಸಿವೆ. ಕ್ಯಾಲ್ಸಿಯಂ ಇರಬೇಕಾದ ಕಡೆ ಇಲ್ಲ, ಇರಬಾರದ ಕಡೆ ಇದೆ.

ನೀರಿನದೂ ಇದೇ ಲೆಕ್ಕ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 75 ಮಿಲಿಗ್ರಾಂ ಕ್ಯಾಲ್ಸಿಯಂ ಒಳ್ಳೆಯದು, ಬೇರೆ ಮೂಲವಿಲ್ಲದಿದ್ದರೆ 200ರವರೆಗೆ ಒಪ್ಪಬಹುದು. ಆ ಗರಿಷ್ಠ ಮಟ್ಟದ ನೀರನ್ನೇ ದಿನಕ್ಕೆ ಮೂರು ಲೀಟರ್ ಕುಡಿದರೂ ಬರುವುದು 600 ಮಿಲಿಗ್ರಾಂ. ವಯಸ್ಕರಿಗೆ ಐಸಿಎಂಆರ್ ಹೇಳುವ ದಿನದ ಅಗತ್ಯವೇ 1000. ಗಡಸು ನೀರಿನ ಊರುಗಳಲ್ಲಿ ಹೃದ್ರೋಗದ ಸಾವು ಹೆಚ್ಚೇ ಎಂಬ ಪ್ರಶ್ನೆ 1950ರ ದಶಕದಿಂದ ಜಪಾನ್, ಬ್ರಿಟನ್, ಅಮೆರಿಕಗಳಲ್ಲಿ ಚರ್ಚೆಯಲ್ಲಿದೆ. ಹಲವು ಅಧ್ಯಯನಗಳಲ್ಲಿ ಕಂಡದ್ದು ತಿರುವುಮುರುವು. ಗಡಸು ನೀರಿರುವಲ್ಲಿ ಸಾವು ತುಸು ಕಡಿಮೆ. ಅದಕ್ಕೆ ಮೆಗ್ನೀಸಿಯಂ ಕಾರಣವಿರಬಹುದು ಎಂಬ ಊಹೆಯಿದೆ, ಒಮ್ಮತವಿಲ್ಲ. ಸಕಲೇಶಪುರ, ಮೂಡಿಗೆರೆಯ ಝರಿ ನೀರಿಗೆ ಹೋಲಿಸಿದರೆ ಅರಸೀಕೆರೆಯ ಬೋರ್ ನೀರು ಬಾಯಿಗೆ ರುಚಿಸದಿರಬಹುದು, ಕೆಲವು ಕಡೆ ಫ್ಲೋರೈಡಿನ ಕಾಟವೂ ಉಂಟು. ಅದು ಬೇರೆಯೇ ತಲೆನೋವು.

ಎಲೆ ಅಡಿಕೆಯ ಸುಣ್ಣಕ್ಕೂ ಇದೇ ಉತ್ತರ. ಅದರ ಜೊತೆ ಹಾಕುವ ಹೊಗೆಸೊಪ್ಪನ್ನು ಬಿಟ್ಟು ಸುಣ್ಣದ ಮೇಲೆ ಅನುಮಾನ ಪಡುವುದು ಕಳ್ಳನನ್ನು ಬಿಟ್ಟು ಮನೆಯವನನ್ನು ಹಿಡಿದಂತೆ.

ಮಾತ್ರೆಯ ವಿಷಯದಲ್ಲಿ ಮಾತ್ರ ಜಗಳ ನಿಜ

ಆಹಾರದ ಬಗ್ಗೆ ಇರುವ ಧೈರ್ಯ ಮಾತ್ರೆಯ ಬಗ್ಗೆ ಪೂರ್ತಿ ಇಲ್ಲ. 2010ರಲ್ಲಿ ನ್ಯೂಜಿಲೆಂಡಿನ ಮಾರ್ಕ್ ಬೋಲ್ಯಾಂಡ್ ಮತ್ತು ಸಂಗಡಿಗರು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ, ಕ್ಯಾಲ್ಸಿಯಂ ಮಾತ್ರೆ ನುಂಗಿದವರಲ್ಲಿ ಹೃದಯಾಘಾತ ಸುಮಾರು ಶೇಕಡಾ 30ರಷ್ಟು ಹೆಚ್ಚು ಎಂದು ವರದಿ ಮಾಡಿದರು. ಅವರ ತರ್ಕ ಹೀಗಿದೆ: ಮುದ್ದೆ, ಹಾಲಿನ ಕ್ಯಾಲ್ಸಿಯಂ ನಿಧಾನವಾಗಿ ಇಳಿಯುತ್ತದೆ, ಮಾತ್ರೆಯದು ಒಮ್ಮೆಲೇ ಬಂದು ಕೆಲವು ಗಂಟೆ ರಕ್ತದ ಮಟ್ಟವನ್ನು ತುಸು ಮೇಲೆತ್ತುತ್ತದೆ. ಸವೆದ ಗೋಡೆಗೆ ಆ ತುಸುವೂ ಹೆಚ್ಚಾಗಬಹುದು.

ಎದುರು ಪಕ್ಷದವರ ಬಳಿಯೂ ಬಲವಾದ ಆಧಾರವಿದೆ. ಅಮೆರಿಕದಲ್ಲಿ ಮೂವತ್ತಾರು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಒಟ್ಟಿಗೆ ಕೊಟ್ಟಾಗ ಹೃದಯಾಘಾತ ಏರಲಿಲ್ಲ. ದಿನಕ್ಕೆ 2000ದಿಂದ 2500 ಮಿಲಿಗ್ರಾಂ ಮೀರದಿದ್ದರೆ ಹೃದಯಕ್ಕೆ ತೊಂದರೆಯಿಲ್ಲ ಎಂದು ಅಲ್ಲಿನ ಎಲುಬು ಮತ್ತು ಹೃದಯ ತಜ್ಞರ ಸಂಘಗಳು 2016ರಲ್ಲಿ ಹೇಳಿದವು. ಅದೇ ವರ್ಷ, ವರ್ಷಗಟ್ಟಲೆ ಜನರನ್ನು ಹಿಂಬಾಲಿಸಿದ ಮತ್ತೊಂದು ಅಧ್ಯಯನ ಎರಡೂ ಮಾತಿಗೆ ತುಸು ಬಲ ಕೊಟ್ಟಿತು. ಆಹಾರದಿಂದ ಹೆಚ್ಚು ಕ್ಯಾಲ್ಸಿಯಂ ಪಡೆದವರ ಹೃದಯನಾಳದಲ್ಲಿ ಹೊಸದಾಗಿ ಕ್ಯಾಲ್ಸಿಯಂ ಕಾಣಿಸಿಕೊಂಡದ್ದು ಕಡಿಮೆ, ಮಾತ್ರೆ ತೆಗೆದುಕೊಂಡವರಲ್ಲಿ ಹೆಚ್ಚು.

ಇವನ್ನೆಲ್ಲ ಎದುರಿಗಿಟ್ಟುಕೊಂಡರೆ ಈ ಲೇಖಕನಿಗೆ ಅನ್ನಿಸುವುದು ಇಷ್ಟು: ಊಟದಲ್ಲೇ ಸಿಗುವವರಿಗೆ ವೈದ್ಯರು ಹೇಳದೆ ವರ್ಷಗಟ್ಟಲೆ ಮಾತ್ರೆ ಬೇಕಿಲ್ಲ. ಆದರೆ ಗರ್ಭಿಣಿಯರ ವಿಷಯವೇ ಬೇರೆ. ನಾಲ್ಕನೇ ತಿಂಗಳಿಂದ ದಿನಕ್ಕೆ ಎರಡು ಹೊತ್ತು 500 ಮಿಲಿಗ್ರಾಂ ಮಾತ್ರೆಯನ್ನು ಸರ್ಕಾರವೇ ಕೊಡುತ್ತದೆ. ಕ್ಯಾಲ್ಸಿಯಂ ಕಡಿಮೆ ಸಿಗುವ ಹೆಂಗಸರಲ್ಲಿ ಬಸಿರಿನ ಬಿಪಿ ಏರಿ ನಂಜಾಗುವುದನ್ನು ಅದು ತಗ್ಗಿಸುತ್ತದೆ. ಆಶಾ ಕಾರ್ಯಕರ್ತೆ ಮನೆಗೆ ತಂದುಕೊಟ್ಟ ಮಾತ್ರೆಯನ್ನು ಹೃದಯಾಘಾತದ ಹೆದರಿಕೆಗೆ ಅಟ್ಟಕ್ಕೆ ಎಸೆದರೆ, ಇಲ್ಲದ ಅಪಾಯ ತಪ್ಪಿಸಲು ಹೋಗಿ ಇರುವ ಅಪಾಯಕ್ಕೆ ಬಾಗಿಲು ತೆರೆದಂತಾಗುತ್ತದೆ. ಇನ್ನೊಂದು ಕಡೆ, ಕೇಳಿದಾಗಲೆಲ್ಲ ಚುಚ್ಚುವ ವಿಟಮಿನ್ ಡಿ ಇಂಜೆಕ್ಷನ್ ನಿಜವಾಗಿ ಎಚ್ಚರ ಬೇಡುವ ವಸ್ತು. ಅದು ಮಿತಿಮೀರಿದರೆ ರಕ್ತದ ಕ್ಯಾಲ್ಸಿಯಂ ಹಿಡಿತ ತಪ್ಪುತ್ತದೆ.

ಸ್ಕೋರ್ ಸೊನ್ನೆ ಬಂದರೆ?

ಅಮೆರಿಕದ ಆರ್ಥರ್ ಅಗಾಟ್ಸ್ಟನ್ 1990ರಲ್ಲಿ ರೂಪಿಸಿದ ಕ್ರಮವೇ ಇಂದಿನ ಕ್ಯಾಲ್ಸಿಯಂ ಸ್ಕೋರ್. ಸಿಟಿ ಚಿತ್ರದಲ್ಲಿ ನಿಗದಿತ ಬಿಳುಪು ಮೀರಿದ ಚುಕ್ಕೆಗಳ ವಿಸ್ತೀರ್ಣವನ್ನು ಅವುಗಳ ಸಾಂದ್ರತೆಯಿಂದ ಗುಣಿಸಿ ಕೂಡಿಸುತ್ತಾರೆ. ಸೊನ್ನೆ ಎಂದರೆ ಕಾಣುವಷ್ಟು ಹರಳಿಲ್ಲ, 100 ದಾಟಿದರೆ ಗಮನ ಬೇಕು, 400 ಮೀರಿದರೆ ಕಾಯಿಲೆ ಹರಡಿದೆ. ಐವತ್ತು ದಾಟಿದ, ಕೊಲೆಸ್ಟ್ರಾಲ್ ಮಾತ್ರೆ ಬೇಕೋ ಬೇಡವೋ ಎಂದು ಅನುಮಾನವಿರುವವರಿಗೆ ಇದು ಒಳ್ಳೆಯ ಸಾಧನ.

ಹಾಸನದ ಭಯ ಮಾತ್ರ ಹರೆಯದವರ ಸಾವಿನದು. ಅಲ್ಲಿ ಈ ಪರೀಕ್ಷೆಯ ಕಣ್ಣು ಮಂಜು. ಹರಳು ಗಾಯದ ಹಳೆಯ ಕಲೆಯಂತೆ, ಕಟ್ಟಲು ವರ್ಷಗಳು ಬೇಕು. ಮೂವತ್ತೈದರ ಆಸುಪಾಸಿನವನ ನಾಳದಲ್ಲಿರುವ ಕೊಬ್ಬಿನ ಗಡ್ಡೆ ಇನ್ನೂ ಮೆತ್ತಗಿರುತ್ತದೆ. ಅದರ ತೆಳು ಮುಚ್ಚಳ ಬಿರಿದು, ಮೇಲೆ ರಕ್ತ ಹೆಪ್ಪುಗಟ್ಟಿ, ನಿಮಿಷಗಳಲ್ಲಿ ನಾಳ ಮುಚ್ಚಬಹುದು. ಅವನ ಸ್ಕೋರ್ ಹಿಂದಿನ ದಿನ ಸೊನ್ನೆಯೇ ಇದ್ದಿರಬಹುದು. ಮುಚ್ಚಳದೊಳಗೆ ಕೆಲವೇ ಮೈಕ್ರಾನ್ ಗಾತ್ರದ ಹರಳಿನ ಕಣಗಳಿದ್ದರೆ ಸುತ್ತ ಒತ್ತಡ ಹೆಚ್ಚಿ ಬಿರಿಯುವುದು ಸುಲಭವಾಗುತ್ತದೆ. ಅಷ್ಟು ಸಣ್ಣದು ಸ್ಕ್ಯಾನಿಗೆ ಕಾಣದು. ದಪ್ಪ ಹಲಗೆಯಾಗಿ ಕಟ್ಟಿದ ಕ್ಯಾಲ್ಸಿಯಂ ಇದಕ್ಕೆ ಹೋಲಿಸಿದರೆ ಗಟ್ಟಿಮುಟ್ಟು, ಬಿರಿಯುವುದು ಕಡಿಮೆ.

ಇನ್ನೊಂದು ಗೊಂದಲಕ್ಕೂ ಇಲ್ಲೇ ಉತ್ತರ ಇದೆ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಂಡವರು ಎರಡು ವರ್ಷ ಬಿಟ್ಟು ಸ್ಕ್ಯಾನ್ ಮಾಡಿಸಿದರೆ ಸ್ಕೋರ್ ಏರಿರುತ್ತದೆ. 'ಮಾತ್ರೆ ತಿಂದೇ ಕ್ಯಾಲ್ಸಿಯಂ ಹೆಚ್ಚಾಯಿತು' ಎಂದು ಅಲ್ಲಿಗೇ ನಿಲ್ಲಿಸಿಬಿಡುವವರುಂಟು. ಮೆತ್ತಗಿನ ಗಡ್ಡೆಯ ಕೊಬ್ಬು ಬತ್ತಿ ಗಟ್ಟಿಯಾದದ್ದನ್ನು ಸ್ಕೋರ್ ತೋರಿಸುತ್ತಿರುತ್ತದೆ. ಹೃದಯಾಘಾತದ ಸಾಧ್ಯತೆ ಅದೇ ಹೊತ್ತಿಗೆ ಇಳಿದಿರುತ್ತದೆ. ಆದ್ದರಿಂದ ಮಾತ್ರೆ ಶುರುವಾದ ಮೇಲೆ ಸ್ಕೋರ್ ಮತ್ತೆ ಮತ್ತೆ ಅಳೆಯುವುದರಲ್ಲಿ ಹುರುಳಿಲ್ಲ.

ಕರಗಿಸುತ್ತೇವೆ ಎನ್ನುವವರು

ಕೈಗೆ ಡ್ರಿಪ್ ಹಾಕಿ ಕ್ಯಾಲ್ಸಿಯಂ ಎಳೆದು ತೆಗೆಯುತ್ತೇವೆ ಎಂಬ ಕೀಲೇಶನ್ ಚಿಕಿತ್ಸೆಯ ಜಾಹೀರಾತು ಆಗಾಗ ಕಣ್ಣಿಗೆ ಬೀಳುತ್ತದೆ. ಅದರಲ್ಲಿ ಬಳಸುವ ಇಡಿಟಿಎ ಎಂಬ ರಾಸಾಯನಿಕ ರಕ್ತದಲ್ಲಿನ ಅಯಾನನ್ನು ಹಿಡಿಯುತ್ತದೆ ನಿಜ. ಗೋಡೆಯೊಳಗಿನ ಹರಳನ್ನು ಮುಟ್ಟುವಷ್ಟರಲ್ಲಿ ಎಲುಬಿನಿಂದ ಹೊಸ ಕ್ಯಾಲ್ಸಿಯಂ ರಕ್ತಕ್ಕೆ ಬಂದಾಗಿರುತ್ತದೆ. 2013ರ ಒಂದು ಪ್ರಯೋಗದಲ್ಲಿ ಸಣ್ಣ ಲಾಭ ಕಂಡಿತ್ತು. ಸಕ್ಕರೆ ಕಾಯಿಲೆಯೂ ಇದ್ದು ಒಮ್ಮೆ ಹೃದಯಾಘಾತ ಆದವರ ಮೇಲೆ ಅದನ್ನೇ ಮತ್ತೆ ನಡೆಸಿ 2024ರಲ್ಲಿ ಪ್ರಕಟಿಸಿದಾಗ ಲಾಭ ಕಾಣಲಿಲ್ಲ. ವಿಟಮಿನ್ ಕೆ2 ಮಾತ್ರೆಗಳ ಹಿಂದಿನ ತರ್ಕ ಚೆನ್ನಾಗಿದೆ, ಕಾವಲುಗಾರರಲ್ಲಿ ಒಂದೆಂದು ಮೇಲೆ ಹೇಳಿದ ಮ್ಯಾಟ್ರಿಕ್ಸ್ ಗ್ಲಾ ಪ್ರೋಟೀನ್ ಕೆಲಸ ಮಾಡಲು ವಿಟಮಿನ್ ಕೆ ಬೇಕೇ ಬೇಕು. ಆದರೆ ಡೆನ್ಮಾರ್ಕಿನಲ್ಲಿ ಹೃದಯದ ಕವಾಟದ ಕ್ಯಾಲ್ಸಿಯಂ ಮೇಲೆ ನಡೆಸಿ 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅದು ಗುರಿ ಮುಟ್ಟಲಿಲ್ಲ. ಗಟ್ಟಿ ಕ್ಯಾಲ್ಸಿಯಂ ಅಡ್ಡ ಬಂದು ಸ್ಟೆಂಟ್ ಅರಳದಿದ್ದಾಗ ವೈದ್ಯರು ವಜ್ರದ ಕಣಗಳ ತುದಿಯಿರುವ ಬೈರಿಗೆಯಿಂದ ಕೊರೆಯುವುದೋ, ಆಘಾತದ ಅಲೆಗಳಿಂದ ಬಿರುಕು ಬಿಡಿಸುವುದೋ ಮಾಡುತ್ತಾರೆ. ಅದು ದಾರಿ ಬಿಡಿಸುವ ಕೆಲಸ, ಕರಗಿಸುವುದಲ್ಲ.

ಹಾಸನಕ್ಕೆ ಇದರಿಂದ ಆಗುವುದೇನು

ಎಲ್ಲರಿಗೂ ಸ್ಕ್ಯಾನ್ ಮಾಡಿಸಿ ಎಂಬ ಒತ್ತಾಯಕ್ಕೆ ಸರ್ಕಾರ ಮಣಿದರೆ ಎರಡು ಪರಿಣಾಮ ಖಚಿತ. ಸೊನ್ನೆ ಬಂದ ಯುವಕ ಸಿಗರೇಟು ಬಿಡುವುದಿಲ್ಲ, 150 ಬಂದ ಅರವತ್ತರ ರೈತ ನಿದ್ದೆ ಬಿಡುತ್ತಾನೆ. ಅದೇ ಹಣದಲ್ಲಿ ಬಿಪಿ, ಶುಗರ್, ಕೊಲೆಸ್ಟ್ರಾಲ್ ಪರೀಕ್ಷೆಯನ್ನು ಹೋಬಳಿ ಮಟ್ಟದಲ್ಲಿ ಮೂವತ್ತು ದಾಟಿದವರಿಗೆಲ್ಲ ಮಾಡಿದರೆ ಗೋಡೆ ಕೆಡುವ ಮೊದಲೇ ಸುಳಿವು ಸಿಗುತ್ತದೆ. ಎದೆನೋವು ಬಂದ ದಿನಕ್ಕೆ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಆ ಇಂಜೆಕ್ಷನ್ ಕರಗಿಸುವುದು ರಕ್ತದ ಹೆಪ್ಪನ್ನು, ಕ್ಯಾಲ್ಸಿಯಂ ಅನ್ನಲ್ಲ. ಗ್ಯಾಸ್ಟ್ರಿಕ್ ಇರಬಹುದೆಂದು ಸೋಡಾ ಕುಡಿದು ಬೆಳಗಿನವರೆಗೆ ಕಾದವರಿಗೆ ಅದರ ಪ್ರಯೋಜನ ಅಷ್ಟಕ್ಕಷ್ಟೇ.

ಸಮಿತಿಯ ವರದಿಯ ನಂತರ, ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ನಡೆಯಬೇಕು ಎಂದು ಸರ್ಕಾರ ಪ್ರಕಟಿಸಿತು. ಮುಂದಿನ ದಿನಗಳಲ್ಲಿ ಅಂಥ ವರದಿಗಳು ಮಾಧ್ಯಮಕ್ಕೆ ಸಿಕ್ಕಾಗ 'ನಾಳದಲ್ಲಿ ಕ್ಯಾಲ್ಸಿಯಂ ಪತ್ತೆ' ಎಂಬ ತಲೆಬರಹ ಬರುವುದು ಬಹುತೇಕ ಖಾತ್ರಿ. ನಲವತ್ತು ದಾಟಿದ ಎಷ್ಟೋ ಮಂದಿಯ ನಾಳದಲ್ಲಿ, ಅವರು ಬೇರೆ ಯಾವ ಕಾರಣಕ್ಕೆ ಸತ್ತಿದ್ದರೂ, ಒಂದಿಷ್ಟು ಕ್ಯಾಲ್ಸಿಯಂ ಸಿಕ್ಕೇ ಸಿಗುತ್ತದೆ. ಸತ್ತ ಮೇಲೆ ಕೋಶದ ಪೊರೆಗಳು ಸೋರಿ ಪೊಟ್ಯಾಸಿಯಂ ಹೊರಗೆ, ಸೋಡಿಯಂ ಕ್ಯಾಲ್ಸಿಯಂ ಒಳಗೆ ಹೋಗುವುದರಿಂದ ಅಂಗಾಂಶದ ಅಯಾನು ಅಳತೆಗಳನ್ನಂತೂ ಬದುಕಿದ್ದವನ ಲೆಕ್ಕವೆಂದು ಓದುವಂತಿಲ್ಲ. ಮೇಜಿನ ಮುಂದೆ ನಿಂತ ವೈದ್ಯರು ನಾಳವನ್ನು ಅಡ್ಡಡ್ಡ ಸೀಳುತ್ತಾ ಹುಡುಕುವುದು ಬಿರಿದ ಮುಚ್ಚಳವನ್ನು, ಅದರ ಮೇಲೆ ಕೂತ ಕೆಂಪು ಹೊಸ ಹೆಪ್ಪನ್ನು, ಹೃದಯದ ಸ್ನಾಯುವಿನಲ್ಲಿ ಬಣ್ಣ ಗೆಟ್ಟ ಭಾಗವನ್ನು. ವರದಿಯ ಆ ಸಾಲುಗಳನ್ನೇ ಮೊದಲು ಓದಬೇಕು.